ಬಿಟ್ಟವನ ಸೋಮವಾರ

ಅಡುಗೆಮನೆಯಲ್ಲಿ ನೀಲಾ ಊರ ಮಕ್ಕಳನ್ನೆಲ್ಲ ಒಬ್ಬೊಬ್ಬರನ್ನಾಗಿ ಎಬ್ಬಿಸುತ್ತಿದ್ದಳು. ಚನ್ನಬಸವ ಕಣ್ಣು ತೆರೆಯದೆಯೇ ಕೌದಿಯನ್ನು ಕಿವಿಯ ಮೇಲೆ ಎಳೆದುಕೊಂಡ. "ಎದ್ದಿಯೇನವಾ? ಖರೇನ ಎದ್ದಿಯೋ, ಹಾಸಿಗ್ಯಾಗ ಕುಂತ ಮಾತಾಡಕತ್ತಿಯೋ? ಮಾರಿ ತೊಳಕೋ, ಲೆಕ್ಕದ ಪುಸ್ತಕಾ ತಗಿ, ಫೋನ್ ಒಯ್ದು ನಿಮ್ಮಪ್ಪನ ಕೈಯಾಗ ಕೊಡು." ಒಂದು ಫೋನು ಮುಗಿದರೆ ಇನ್ನೊಂದು. ನರಗುಂದದ ಹೈಸ್ಕೂಲಿನಲ್ಲಿ ಅವಳು ಗಣಿತದ ಟೀಚರು, ಹೋದ ವರ್ಷದಿಂದ ಪ್ರಭಾರಿ ಹೆಡ್‌ಮಿಸ್ಟ್ರೆಸ್ಸು. ಮಾರ್ಚಿನಲ್ಲಿ ಹತ್ತನೇ ತರಗತಿಯ ಪರೀಕ್ಷೆ. ಫಲಿತಾಂಶ ನೂರಕ್ಕೆ ನೂರು ಆಗಬೇಕೆಂದು ಸಂಸ್ಥೆಯ ಸೆಕ್ರೆಟರಿ ಗಣೇಶನ ಹಬ್ಬದಿಂದಲೇ ಹೇಳುತ್ತ ಬಂದಿದ್ದಾರೆ. ಅದಕ್ಕಾಗಿ ಟೀಚರುಗಳು ಬೆಳಗಿನ ಐದಕ್ಕೆ ಮಕ್ಕಳಿಗೆ ಫೋನು ಹಚ್ಚಿ ಓದಲಿಕ್ಕೆ ಎಬ್ಬಿಸಬೇಕು, ಎಬ್ಬಿಸಿದೆವೆಂದು ಸೆಕ್ರೆಟರಿಗೆ ಮೆಸೇಜು ಹಾಕಬೇಕು. ಚನ್ನಬಸವನಿಗೆ ಇದರಿಂದ ಆಗುವ ತೊಂದರೆ ಅಷ್ಟಿಷ್ಟಲ್ಲ. ಬೆಳಗಿನ ಜಾವದ ಮೌನವೇ ಸರಳ ಬದುಕಿನ ಮೊದಲ ಸಂಪತ್ತು ಎಂದು ಅವನು ಗದಗಿನ ಕಾಲೇಜೊಂದರಲ್ಲಿ ಭಾಷಣ ಮಾಡಿದ್ದ. ಆ ಸಂಪತ್ತು ಸ್ವಂತ ಮನೆಯಲ್ಲೇ ಹೀಗೆ ದಿನಾ ಲೂಟಿಯಾಗುತ್ತಿದೆ. ಒಮ್ಮೆ ಹೇಳಿಯೂ ನೋಡಿದ್ದ. ಅಂದಿನಿಂದ ನೀಲಾ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಮೆಲ್ಲನೆ ಮಾತಾಡುತ್ತಾಳೆ. ಮೆಲ್ಲನೆಯ ಮಾತು ಕಿವಿಗೆ ಇನ್ನೂ ಚೆನ್ನಾಗಿ ನಾಟುತ್ತದೆ ಎಂಬುದನ್ನು ಹೇಳುವಷ್ಟು ಒರಟ ಅವನಲ್ಲ. ಸಹಿಸಿಕೊಂಡಿದ್ದಾನೆ.

ಇವತ್ತಾದರೂ ಮುಖ ತಾಜಾ ಇರಬೇಕಿತ್ತು. ಗಜೇಂದ್ರಗಡದಿಂದ ಅನಿಲಕುಮಾರ ಬರುವವನಿದ್ದ, ಕ್ಯಾಮೆರಾ ಸಮೇತ. ಕಾಲೇಜಿನಲ್ಲಿ ಪಾಠ ಹೇಳುವ ಹುಡುಗ, ನೌಕರಿಯ ಓಟ ಬಿಟ್ಟು ಬಂದವರನ್ನು ಹುಡುಕಿ ಹುಡುಕಿ ಮಾತಾಡಿಸಿ ಮೊಬೈಲಿನಲ್ಲಿ ಬಿಡುತ್ತಾನೆ. ಎಲ್ಲಿಂದ ಶುರು ಮಾಡಬೇಕೆಂದು ಚನ್ನಬಸವ ಮಲಗಿದಲ್ಲೇ ಹೊಂದಿಸತೊಡಗಿದ. ಕೊಣ್ಣೂರಿನ ಸೇತುವೆಯಿಂದಲೇ ಶುರು ಮಾಡುವುದು ಒಳ್ಳೆಯದು. ಮಲಪ್ರಭೆ ತುಂಬಿ ಸೇತುವೆಯ ಮೇಲೆ ಹರಿಯುತ್ತಿದ್ದಳು, ನಾನು ಕಾರು ನಿಲ್ಲಿಸಿ ನೋಡುತ್ತ ನಿಂತೆ, ಈ ಹೊಳೆಗೆ ಯಾವ ಟಾರ್ಗೆಟ್ ಇದೆ ಅನ್ನಿಸಿತು, ಅಂದೇ ತೀರ್ಮಾನಿಸಿದೆ. ಜನ ಇಲ್ಲಿ ತಲೆ ಆಡಿಸುತ್ತಾರೆ. ಸೇತುವೆ ಮುಳುಗಿದ್ದು ಖರೇ, ಅವನು ನಿಂತದ್ದೂ ಖರೇ. ಆದರೆ ಅಂದು ಅವನು ಬಾಗಲಕೋಟೆಯ ಡಾಕ್ಟರೊಬ್ಬರ ಭೇಟಿ ತಪ್ಪಿತೆಂದು ಹೊಳೆಗೆ ಬಾಯಿಗೆ ಬಂದಂತೆ ಬಯ್ಯುತ್ತಿದ್ದ. ನೌಕರಿ ಬಿಟ್ಟದ್ದು ಅದಾಗಿ ಎಷ್ಟೋ ದಿನದ ಮೇಲೆ, ಹುಬ್ಬಳ್ಳಿಯ ಹೋಟೆಲಿನ ಹಾಲಿನಲ್ಲಿ. ಔಷಧ ಕಂಪನಿಯ ತಿಂಗಳ ಮೀಟಿಂಗು. ಟಾರ್ಗೆಟ್ ಮುಟ್ಟದವರು ಚಹಾ ಬರುವವರೆಗೆ ಎದ್ದು ನಿಲ್ಲಬೇಕು, ಅದು ಅಲ್ಲಿಯ ಪದ್ಧತಿ. ನಲವತ್ತು ದಾಟಿದ ಏರಿಯಾ ಮ್ಯಾನೇಜರ್ ಚನ್ನಬಸವ ತನ್ನ ಚಾರ್ಟನ್ನು ಎದೆಗೆ ಹಿಡಿದು ನಿಂತಿದ್ದ. ಬಿಸ್ಕತ್ತಿನ ತಾಟು ಹಿಡಿದು ಬಂದ ವೇಟರು, "ಸ್ವಲ್ಪ ಸರೀರಿ" ಅಂದ. ಸರಿದ. ಸರಿದಲ್ಲಿ ಇನ್ನೊಬ್ಬ ವೇಟರಿಗೆ ಅಡ್ಡ ಬಂದ. ಅವನೂ "ಸರೀರಿ" ಅಂದ. ಸಾಹೇಬ ನಕ್ಕ, ಕೂತವರು ನಕ್ಕರು, ನಿಂತ ಇನ್ನಿಬ್ಬರೂ ನಕ್ಕರು. ಚನ್ನಬಸವನೂ ನಕ್ಕ. ಆ ತಿಂಗಳೇ ರಾಜೀನಾಮೆ ಕೊಟ್ಟ. ಬಿಸ್ಕತ್ತಿನ ತಾಟಿನ ವಿಷಯ ಹೆಂಡತಿಗೂ ಹೇಳಿಲ್ಲ. ಹೊಳೆ ಇರುವಾಗ ಬಿಸ್ಕತ್ತು ಏಕೆ?

ಆಮೇಲೆ ಶಿರೋಳಕ್ಕೆ ಬಂದದ್ದು. ಪಾಲಿಗೆ ಬಂದ ಎರೆ ಹೊಲ, ಬಾಡಿಗೆಗೆ ಸಿಕ್ಕ ಮಣ್ಣಿನ ಮಾಳಿಗೆಯ ಮನೆ, ನರಗುಂದಕ್ಕೆ ಹತ್ತಿರ. ಬಂದ ಹೊಸತರಲ್ಲಿ ಅವನು ಎಂಟು ದಿನ ಕುಡುಗೋಲು ಹಿಡಿದ, ಒಂಬತ್ತನೇ ದಿನ ಬೆರಳಿಗೆ ಅರಿವೆ ಕಟ್ಟಿಕೊಂಡ. ಈಗ ಹೊಲವನ್ನು ಪಾಲಿಗೆ ಮಾಡುವವನು ಮುದಿಯಪ್ಪ. ಚನ್ನಬಸವ ಬಿಸಿಲೇರುವ ಮುಂಚೆ ಬದುವಿನ ಮೇಲೆ ಒಂದು ಸುತ್ತು ಹಾಕಿ, ಮಣ್ಣನ್ನು ಕೈಯಲ್ಲಿ ಹಿಡಿದು ನೋಡಿ, ಬಿಟ್ಟು ಬರುತ್ತಾನೆ. ದೊಡ್ಡ ಫೋನು ಬಿಟ್ಟು ಗುಂಡಿ ಒತ್ತುವ ಸಣ್ಣ ಫೋನು ಇಟ್ಟುಕೊಂಡಿದ್ದಾನೆ. ತನ್ನ ಭಾಷಣವನ್ನು ಎಷ್ಟು ಜನ ನೋಡಿದರೆಂದು ತಿಳಿಯಲಿಕ್ಕೆ ಸಂಜೆ ನೀಲಾಳ ಫೋನು ಇಸಿದುಕೊಳ್ಳುತ್ತಾನೆ. ಮಗಳು ವಿದ್ಯಾಶ್ರೀ ಧಾರವಾಡದ ಹಾಸ್ಟೆಲಿನಲ್ಲಿದ್ದು ಡಾಕ್ಟರಾಗುವ ಪರೀಕ್ಷೆಗೆ ಕೋಚಿಂಗಿಗೆ ಹೋಗುತ್ತಾಳೆ. ಸರಳ ಬದುಕಿನಲ್ಲಿ ಅದು ಎಲ್ಲಿ ಕೂಡುತ್ತದೆ ಎಂದು ಭಾಷಣದಲ್ಲಿ ಯಾರೂ ಕೇಳಿಲ್ಲ. ನೀಲಾಳ ಪಗಾರದ ಬಗ್ಗೆಯೂ ಕೇಳಿಲ್ಲ. ಕೇಳಿದರೆ, ಅವಳಿಗೆ ಕಲಿಸುವುದೆಂದರೆ ಜೀವ ಎಂದು ಹೇಳಲು ಅವನು ಉತ್ತರ ತಯಾರಿಟ್ಟುಕೊಂಡಿದ್ದ.

ನೀಲಾ ರೊಟ್ಟಿ ಬಡಿದಿಟ್ಟು, ಡಬ್ಬಿ ಕಟ್ಟಿಕೊಂಡು, "ಬರ್ತೀನ್ರಿ" ಅಂದು ಬಸ್ಸಿಗೆ ಹೋದ ಮೇಲೆ ಅವನು ಖಾದಿ ಅಂಗಿ ತೊಟ್ಟು ಮುದಿಯಪ್ಪನ ಮನೆಗೆ ನಡೆದ. ಕಡಲೆ ಕಿತ್ತು ಖಾಲಿಯಾದ ಹೊಲದಲ್ಲಿ ಎತ್ತು ಹೂಡಿ ಕುಂಟೆಯ ಹಿಂದೆ ಚನ್ನಬಸವ ಹೊರಟಂತೆ ಒಂದು ಚಿತ್ರ ಬೇಕೆಂದು ಅನಿಲಕುಮಾರ ನಿನ್ನೆ ಕೇಳಿಕೊಂಡಿದ್ದ. ಎತ್ತುಗಳು ಬೇವಿನ ಗಿಡದ ಕೆಳಗೆ ಮಲಗಿ ಮೆಲುಕು ಹಾಕುತ್ತಿದ್ದವು. ಎರಡಕ್ಕೂ ಮೈ ತೊಳೆದು ಹಣೆಗೆ ವಿಭೂತಿ ಹಚ್ಚಿದ್ದರು. ಅದನ್ನು ಕಂಡೂ ಚನ್ನಬಸವನಿಗೆ ಹೊಳೆಯಲಿಲ್ಲ. ಚಿತ್ರದಲ್ಲಿ ಚೆನ್ನಾಗಿ ಕಾಣುತ್ತವೆ ಎಂದಷ್ಟೇ ಅನ್ನಿಸಿತು.

"ಮುದಿಯಪ್ಪಾ, ಒಂದ್ ತಾಸಿನ ಮಟ್ಟಿಗೆ ಗಳೆ ಹೂಡಬೇಕಲ್ಲೋ," ಎಂದ.

ಮುದಿಯಪ್ಪ ಅವನನ್ನು, ಎತ್ತುಗಳನ್ನು, ಮತ್ತೆ ಅವನನ್ನು ನೋಡಿದ. "ಇವತ್ತೇನ್ರಿ, ಸಾವ್ಕಾರ್ರ?"

"ಇವತ್ತ. ಈಗ ಬರ್ತಾರ."

ಒಳಗೆ ಕಾಳು ಹಸನು ಮಾಡುತ್ತಿದ್ದ ಮುದಿಯಪ್ಪನ ಹೆಂಡತಿ ಬಾಳವ್ವ ಮೊರ ಹಿಡಿದುಕೊಂಡೇ ಬಾಗಿಲಿಗೆ ಬಂದಳು. "ಯಪ್ಪಾ, ಸೋಮಾರ ಅಲ್ಲೇನ್ರಿ ಇವತ್ತು?"

ಸೋಮವಾರ ಬಸವಣ್ಣನ ವಾರ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಇದು ಈ ಕಡೆ ತೊಟ್ಟಿಲ ಕೂಸಿಗೂ ಗೊತ್ತು. ಚನ್ನಬಸವನ ಮುಖಕ್ಕೆ ರಕ್ತ ನುಗ್ಗಿತು. ಆದರೆ ಔಷಧ ಮಾರುತ್ತಿದ್ದಾಗಿನ ಬಾಯಿ ತಾನಾಗಿ ಮುಂದುವರಿಯಿತು. "ದುಡಿಸೂದಲ್ಲೋ ಮಾರಾಯಾ. ಬರೇ ನೊಗಾ ಹೊರಿಸಿ ನಾಕ ಹೆಜ್ಜಿ ನಡಸೂದು. ವಿಡಿಯೋಕ್ಕ."

"ನೊಗಾ ಹೊತ್ತ ಮ್ಯಾಗ ವಿಡಿಯೋಕ್ಕಾದ್ರೇನು, ಹೊಲಕ್ಕಾದ್ರೇನ್ರಿ," ಎಂದ ಮುದಿಯಪ್ಪ, ಸಿಟ್ಟಿಲ್ಲದೆ. "ನಾಳೆ ಬರಾಕ ಹೇಳ್ರಿ. ದಿನಾ ಪೂರ್ತಿ ಹೂಡ್ತೀನಿ."

ಬಾಳವ್ವ ಸೆರಗು ಬಾಯಿಗೆ ಹಿಡಿದಳು. "ನೀವ ಹೇಳೀರಂತಲ್ರಿ ಮೊಬೈಲಿನ್ಯಾಗ. ನಮ್ಮ ಹಿರ್‍ಯಾರು ಎತ್ತಿಗೂ ಸೂಟಿ ಕೊಟ್ಟಿದ್ರು, ನಮ್ಮ ಕಂಪನಿ ನನಗ ಕೊಡಲಿಲ್ಲ ಅಂತ. ಮೊಮ್ಮಗಳು ತೋರಿಸಿದ್ಲು. ಭಾಳ ಚಲೋ ಹೇಳೀರಿ ಬಿಡ್ರಿ."

ಹೇಳಿದ್ದ. ಅಲ್ಲಿ ಚಪ್ಪಾಳೆ ಬಿದ್ದಿತ್ತು. ಆ ಮಾತನ್ನು ಅವನು ಬಾಯಿಪಾಠ ಮಾಡಿಕೊಂಡಿದ್ದ, ಎರಡು ಬೇರೆ ಬೇರೆ ಊರಲ್ಲಿ ಒಂದಕ್ಷರ ಬದಲಿಸದೆ ಹೇಳಿದ್ದ. ಎತ್ತಿನ ಆ ಸೂಟಿ ಪ್ರತಿ ವಾರ ಬರುವ ಸೋಮವಾರದ್ದು ಎಂಬುದು ಮಾತ್ರ ಮರೆತುಹೋಗಿತ್ತು. ಬಿಟ್ಟು ಬಂದ ಮೇಲೆ ಅವನಿಗೆ ವಾರಗಳ ಲೆಕ್ಕವಿಲ್ಲ. ಅದೂ ಸರಳ ಬದುಕಿನ ಒಂದು ಲಕ್ಷಣವೇ ಎಂದು ಹಿಂತಿರುಗುವ ದಾರಿಯಲ್ಲಿ ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡರೂ ಬಾಳವ್ವನ ಸೆರಗು ಕಣ್ಣ ಮುಂದಿನಿಂದ ಹೋಗಲಿಲ್ಲ. ಆ ಮುದುಕಿ ಸಂಜೆಯೊಳಗೆ ಓಣಿಗೆಲ್ಲ ಸಾರುತ್ತಾಳೆ. ಸಾರಲಿ. ಅನಿಲಕುಮಾರನಿಗೆ ಏನು ಹೇಳುವುದು? ಇವತ್ತು ಸೋಮವಾರ, ನಾವು ಎತ್ತು ಹೂಡುವುದಿಲ್ಲ ಎಂದು ಗಂಭೀರವಾಗಿ ಹೇಳಿ, ಮಲಗಿದ ಎತ್ತುಗಳ ಪಕ್ಕ ನಿಂತರೆ? ಅದು ಇನ್ನೂ ಚೆನ್ನಾಗಿರುತ್ತದೆ. ಮನೆಯ ತಿರುವಿಗೆ ಬರುವ ಹೊತ್ತಿಗೆ ಅವಮಾನವನ್ನು ಸರಿಯಾದ ಸರಕು ಮಾಡಿಕೊಂಡಿದ್ದ, ಹೆಜ್ಜೆಯೂ ಹಗುರಾಗಿತ್ತು.

ಕಟ್ಟೆಯ ಮೇಲೆ ನೀಲಾ ಕೂತಿದ್ದಳು. ಸೀರೆಗೆ ಪಿನ್ನು ಹಾಕಿದ್ದು ಹಾಕಿದಂತೆಯೇ ಇತ್ತು, ಕಾಲಲ್ಲಿ ಚಪ್ಪಲಿ, ಪಕ್ಕದಲ್ಲಿ ಚೀಲ. ಯಾರದೋ ಮನೆಗೆ ಬಂದು ಬಾಗಿಲು ತೆರೆಯಲೆಂದು ಕಾಯುವವರ ಹಾಗೆ ಕೂತಿದ್ದಳು. ಮೊದಲು ಅವನಿಗೆ ಬಂದ ವಿಚಾರ, ಅನಿಲಕುಮಾರನಿಗೆ ಚಹಾ ಮಾಡಲು ಇವಳು ಸಿಕ್ಕಳು ಎಂಬುದು.

"ಬಸ್ಸು?"

"ಹೋತು."

"ಆರಾಮಿಲ್ಲೇನು?"

"ಆರಾಮ ಅದೀನ್ರಿ. ಬಸ್ ಬಂತು. ಕಂಡಕ್ಟರ್ ಹತ್ರಿ ಟೀಚರ್ ಅಂದ. ಕಾಲ ಎತ್ತಿ ಇಡಾಕ ಆಗಲಿಲ್ಲ. ಅವರು ಸ್ವಲ್ಪ ಹೊತ್ತು ನಿಂತರು, ಹೋದರು." ಅವಳು ತನ್ನ ಕೈಗಳನ್ನು ನೋಡಿಕೊಂಡಳು. "ನಾನೂ ಬಿಡ್ತೀನ್ರಿ."

"ಏನು?" ಗೊತ್ತಾಗಿದ್ದೂ ಕೇಳಿದ.

"ನೌಕ್ರಿ."

ಚನ್ನಬಸವ ಅವಳ ಪಕ್ಕ ಕೂರಲಿಲ್ಲ, ಎದುರಿಗೆ ನಿಂತ. ನೀಲಾ ಹೇಳತೊಡಗಿದಳು, ಅವನಿಗಲ್ಲ, ಅಂಗಳಕ್ಕೆ ಹೇಳುವಂತೆ. ಬೆಳಗ್ಗೆ ಜಬೀನ ಎಂಬ ಹುಡುಗಿಗೆ ಫೋನು ಮಾಡಿದ್ದಳು. ಎದ್ದಿಯೇನವಾ ಎಂದು ಕೇಳಿದ್ದಕ್ಕೆ ಆ ಹುಡುಗಿ, "ನಾ ಆಗಳೇ ಎದ್ದೀನ್ರಿ ಟೀಚರ್, ನೀವ ಈಗರೇ ಸ್ವಲ್ಪ ಮಲಕೋರಿ" ಅಂದಿತಂತೆ. ಆಮೇಲೆ ನೀಲಾ ಉಳಿದವರಿಗೂ ಫೋನು ಮಾಡಿದಳು, ರೊಟ್ಟಿಯನ್ನೂ ಬಡಿದಳು, ಆದರೆ ಆ ಮಾತು ಅವಳನ್ನು ಬಿಡಲಿಲ್ಲ. ಹೋದ ವಾರ ಬೋರ್ಡಿನ ಮುಂದೆ ನಿಂತು ಅರ್ಧ ಲೆಕ್ಕ ಬರೆದು, ಇದು ಯಾವ ಕ್ಲಾಸು, ತಾನೇಕೆ ನಿಂತಿದ್ದೇನೆ ಎಂಬುದೇ ಮರೆತುಹೋಗಿತ್ತು. ಮಕ್ಕಳು ನಗಲಿಲ್ಲ. ನಕ್ಕಿದ್ದರೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ.

"ಬಿಟ್ಟು ಏನ ಮಾಡ್ತಿ?" ಎಂದು ಕೇಳಿದ. ಇದೇ ಪ್ರಶ್ನೆಯನ್ನು ಹಿಂದೆ ತನ್ನನ್ನು ಕೇಳಿದವರನ್ನೆಲ್ಲ ಅವನು ಭಾಷಣಗಳಲ್ಲಿ ಗೇಲಿ ಮಾಡುತ್ತಿದ್ದ.

"ಮಲಗ್ತೀನ್ರಿ," ಎಂದಳು ನೀಲಾ. "ಹಗಲಿನ್ಯಾಗ ಮಲಗಬೇಕು. ಯಾರೂ ಎಬ್ಬಸಬಾರದು. ಮತ್ತೇನೂ ಇಲ್ಲ."

ಅವನಿಗೆ ನಿಜವಾಗಿಯೂ ಸಿಟ್ಟು ಬಂತು. ಬಿಡುವುದೆಂದರೆ ಇಷ್ಟೇನೇ? ಒಂದು ವಿಚಾರವಿಲ್ಲ, ಒಂದು ಹೊಳೆಯಿಲ್ಲ, ಮಣ್ಣಿನ ಮಾತಿಲ್ಲ. ದಣಿದವರೆಲ್ಲ ಹೀಗೆ ಬಿಡತೊಡಗಿದರೆ ಬಿಟ್ಟವರಿಗೆ ಏನು ಬೆಲೆ? ಜೊತೆಗೆ ಒಂದು ಭಯವೂ ಎದ್ದಿತು. ಧಾರವಾಡದ ಹಾಸ್ಟೆಲು, ಈ ಮನೆಯ ಬಾಡಿಗೆ, ಕಿರಾಣಿ ಅಂಗಡಿ, ತಾನು ತೊಟ್ಟ ಈ ಖಾದಿ ಅಂಗಿ ಕೂಡ, ಎಲ್ಲವೂ ಆ ಚೀಲ ಹಿಡಿದು ಬಸ್ಸು ಹತ್ತುವ ಹೆಂಗಸಿನ ಮೇಲೆ ನಿಂತಿವೆ. ಇದು ಅವನಿಗೆ ಗೊತ್ತಿಲ್ಲದ್ದಲ್ಲ. ಆದರೆ ಗೊತ್ತಿರುವುದನ್ನು ಎದುರಿಗೆ ಕೂಡಿಸಿಕೊಂಡು ನೋಡಿರಲಿಲ್ಲ. ಈಗ ಅವಳು ಎತ್ತಿನ ಮಾತು ತೆಗೆಯುತ್ತಾಳೆ, ಎತ್ತಿಗಾದರೂ ಸೋಮವಾರ ಇದೆ ಎನ್ನುತ್ತಾಳೆ ಎಂದು ಅವನು ಎಣಿಸಿದ. ಅದಕ್ಕೊಂದು ಉತ್ತರವನ್ನೂ ಹೊಂದಿಸಿಕೊಂಡ. ನೀಲಾ ತೆಗೆಯಲಿಲ್ಲ. ಅವಳಿಗೆ ಭಾಷಣ ಬರುತ್ತಿರಲಿಲ್ಲ.

"ಮಾರ್ಚ್ ಒಂದು ಮುಗೀಲಿ ನೀಲಾ," ಎಂದ, ದನಿ ತಗ್ಗಿಸಿ. "ಈಗ ನಡಕ ಬಿಟ್ರ ಆ ಮಕ್ಕಳ ಗತಿ ಏನು? ದಣಿವು ಅನ್ನೂದು ಮೈಗೆ ಬರೂದಿಲ್ಲ, ಮನಸಿಗೆ ಬರತೈತಿ. ನಿನ್ನಂಥಾಕಿ ಹಿಂದ ಸರಿದ್ರ ಉಳಿದವರು ಯಾರನ್ನ ನೋಡಿ ದುಡೀಬೇಕು? ನಿನ್ನ ಮ್ಯಾಲೆ ಭರವಸಿ ಇಟ್ಟಾರಂತನ ಇಷ್ಟು ಹೊರಸ್ಯಾರ." ಮಾತು ಸಲೀಸಾಗಿ ಬಂತು, ಒಂದಾದ ಮೇಲೊಂದು, ಎಲ್ಲೂ ತಡವರಿಸಲಿಲ್ಲ. ಇಷ್ಟು ಚಂದದ ಮಾತು ತನಗೆಲ್ಲಿಂದ ಬಂತು ಎಂದು ನೋಡಿದರೆ ಹುಬ್ಬಳ್ಳಿಯ ಸಾಹೇಬ, ಹಲ್ಲಿನ ಸಂದಿಯಲ್ಲಿ ಕಡ್ಡಿ ಆಡಿಸುತ್ತ, ಇದನ್ನೇ ತನಗೆ ಹೇಳುತ್ತಿದ್ದ. ದಣಿವು ಮನಸಿಗೆ ಬರತೈತಿ ಚನ್ನಬಸವ. ಆಗ ಆ ಮುಖಕ್ಕೆ ಚಾರ್ಟನ್ನು ಎಸೆಯಬೇಕೆನ್ನಿಸಿತ್ತು. ಈಗ, ಮನುಷ್ಯ ಅಂಥ ತಪ್ಪನ್ನೇನೂ ಹೇಳಿರಲಿಲ್ಲವಲ್ಲ ಅನ್ನಿಸಿತು.

ನೀಲಾ ತಲೆಯೆತ್ತಿದಳು. "ನೀವ ಬಿಡ್ತೀನಿ ಅಂದಾಗ ನಾ ಏನಂದಿದ್ದೆ, ನೆನಪೈತೇನ್ರಿ?"

ನೆನಪಿತ್ತು. ಹುಬ್ಬಳ್ಳಿಯ ಮನೆಯ ಮೆಟ್ಟಿಲ ಮೇಲೆ, ಟೈ ಬಿಚ್ಚಲೂ ಆಗದೆ ಕೂತಿದ್ದ. ಅವಳು ಕಾರಣ ಕೇಳಿರಲಿಲ್ಲ. ಬೂಟಿನ ಲೇಸು ಬಿಚ್ಚುತ್ತ, "ಬಿಡ್ರಿ. ನಾ ಅದೀನಲ್ಲ" ಅಂದಿದ್ದಳು. ಅಷ್ಟೇ. ಆ ಮಾತನ್ನೂ ಅವನು ಯಾವ ಭಾಷಣದಲ್ಲಿಯೂ ಹೇಳಿಲ್ಲ. ಈಗ ಅವಳು ಕೇಳುತ್ತಿದ್ದುದು ಆ ಮಾತನ್ನೇ, ಹೆಚ್ಚೇನೂ ಅಲ್ಲ. ಬಿಡು ನೀಲಾ, ನಾ ಅದೀನಲ್ಲ. ಅದನ್ನು ಹೇಳಲೆಂದು ಬಾಯಿ ತೆರೆದ. ಹುಬ್ಬಳ್ಳಿಯಲ್ಲಿ ಅವನ ಬಳಿ ಔಷಧ ಕೊಳ್ಳುತ್ತಿದ್ದವರು ಇನ್ನೂ ಇದ್ದಾರೆ, ಒಂದು ಫೋನು ಮಾಡಿದರೆ ಯಾವುದೋ ಔಷಧದ ಅಂಗಡಿಯಲ್ಲಿ ಕೂತು ದುಡಿಯಲು ಒಂದು ಸ್ಟೂಲು ಸಿಕ್ಕೀತು. ಕಲ್ಪನೆಯಲ್ಲಿ, ಸ್ಟೂಲಿನ ಮೇಲೆ ಕೂತ ತನ್ನನ್ನು ಅನಿಲಕುಮಾರ ನೋಡಿದ, ಬಾಳವ್ವ ನೋಡಿದಳು, ಗದಗಿನ ಕಾಲೇಜಿನ ಹುಡುಗರೆಲ್ಲ ನೋಡಿದರು. ಆ ಮಾತು ಬಿಟ್ಟು ಖಾದಿ ಅಂಗಿಯ ತೋಳು ಸರಿಮಾಡಿಕೊಂಡ.

ಆಗ ಅವಳ ಚೀಲದೊಳಗೆ ಫೋನು ಬಡಿದುಕೊಂಡಿತು. ನೀಲಾ ಮುಟ್ಟಲಿಲ್ಲ. ನಿಂತಿತು, ಮತ್ತೆ ಶುರುವಾಯಿತು. ಚನ್ನಬಸವ ಬಗ್ಗಿ ಚೀಲಕ್ಕೆ ಕೈ ಹಾಕಿದ. ಸೆಕ್ರೆಟರಿ. "ಬ್ಯಾಡ್ರಿ," ಎಂದಳು ನೀಲಾ. ಅಷ್ಟರಲ್ಲಿ ಅವನು ಫೋನನ್ನು ಕಿವಿಗೆ ಇಟ್ಟಾಗಿತ್ತು.

"ನಮಸ್ಕಾರ ಸರ್. ಇಲ್ರಿ ಸರ್, ನಾ ಅವರ ಮನಿಯವರು ಮಾತಾಡೂದು." ಬೆನ್ನು ನೆಟ್ಟಗಾಯಿತು, ಎಡಗೈ ಅಂಗಿಯ ಗುಂಡಿಯನ್ನು ಹುಡುಕಿತು. ಆ ಕಡೆಯಿಂದ ಸೆಕ್ರೆಟರಿ, ಓಹೋ, ನೀವೇ ಏನು ಆ ವಿಡಿಯೋದವರು, ನಮ್ಮ ಮನೆಯಲ್ಲೆಲ್ಲ ನೋಡಿದೆವು, ನಿಮ್ಮಂಥವರು ಬೇಕು ಸಮಾಜಕ್ಕೆ ಎಂದರು. ಚನ್ನಬಸವನಿಗೆ ಈ ಹೊತ್ತಿನಲ್ಲಿಯೂ ಖುಷಿಯಾಯಿತು. ಮುಚ್ಚಿಟ್ಟು ಪ್ರಯೋಜನವಿಲ್ಲ, ಬಹಳ ಖುಷಿಯಾಯಿತು. "ಸಣ್ಣದೊಂದು ತಲಿನೋವು ಸರ್, ಬಸ್ ತಪ್ಪಿತು. ಇಲ್ರಿ ಸರ್, ರಜಾ ಏನೂ ಬ್ಯಾಡ. ಹನ್ನೆರಡರ ಒಳಗ ಶಾಲ್ಯಾಗ ಇರ್ತಾರ. ನಾ ಹೇಳ್ತೀನಲ್ರಿ."

ಅವನು ಫೋನು ಇಟ್ಟಾಗ ನೀಲಾ ಚಪ್ಪಲಿ ಕಳಚಿದಳು. ಎದ್ದು ಒಳಗೆ ಹೋದಳು. ಬಚ್ಚಲಲ್ಲಿ ನೀರು ಬಿದ್ದ ಸದ್ದು ಕೇಳಿತು. ಅವಳು ಜಗಳ ಮಾಡಿದ್ದರೆ ಗೆಲ್ಲಲು ಅವನಲ್ಲಿ ಇನ್ನೂ ಮಾತುಗಳಿದ್ದವು.

ಅನಿಲಕುಮಾರನ ಬೈಕು ಬಂದದ್ದು ಆಗಲೇ. ಎತ್ತಿನ ಸಂಗತಿ ಕೇಳಿ ಅವನು, "ಅಬಬಾ, ಇದನ್ನ ಮೊದಲ ಹೇಳ್ರಿ ಅಣ್ಣಾರ, ಇದರಿಂದನ ಶುರು ಮಾಡೂಣು" ಎಂದು ಕಟ್ಟೆಯ ಎದುರಿಗೆ ಮೂರು ಕಾಲಿನ ಸ್ಟ್ಯಾಂಡು ನಿಲ್ಲಿಸಿದ. ಚನ್ನಬಸವ, ನೀಲಾ ಕೂತಿದ್ದ ಜಾಗದಲ್ಲಿ ಕಾಲು ಮಡಚಿ ಕೂತ. ಸೋಮವಾರ ಎತ್ತಿಗೆ ವಿಶ್ರಾಂತಿ, ನಮ್ಮ ಹಿರಿಯರು ಎಷ್ಟು ಕರುಣೆಯುಳ್ಳವರು ಎಂದು ಶುರು ಮಾಡಿದ. ದನಿ ನಡುಗಲಿಲ್ಲ. ಮೊದಲಿಗಿಂತ ಚೆನ್ನಾಗಿಯೇ ಬಂತು. ಮಾತಿನ ನಡುವೆ ನೀಲಾ ಹೊರಗೆ ಬಂದಳು. ಮುಖ ತೊಳೆದಿದ್ದಳು, ಕುಂಕುಮ ಹೊಸದಾಗಿ ಇಟ್ಟಿದ್ದಳು, ಕಿವಿಯ ಹತ್ತಿರದ ಕೂದಲು ಒದ್ದೆಯಾಗಿತ್ತು. ಕ್ಯಾಮೆರಾದ ಮುಂದೆ ಹಾಯಬಾರದೆಂದು ಗೋಡೆಗೆ ಸರಿದು ನಿಂತಳು.

"ಬರ್ರಿ ಅಕ್ಕಾರ, ನೀವೂ ಒಂದೆರಡು ಮಾತು," ಎಂದ ಅನಿಲಕುಮಾರ. "ಅಣ್ಣಾರು ಇಷ್ಟ ದೊಡ್ಡ ನಿರ್ಧಾರ ಮಾಡಿದಾಗ ನಿಮಗ ಹ್ಯಾಂಗ ಅನಸ್ತು?"

ನೀಲಾ ಕ್ಯಾಮೆರಾ ನೋಡಲಿಲ್ಲ. ಗಂಡನನ್ನು ನೋಡಿದಳು. ಏನು ಹೇಳಿಬಿಡುತ್ತಾಳೋ ಎಂದು ಚನ್ನಬಸವ ಹೆದರಿದ. ಹೇಳಲಿ ಎಂದೂ ಒಂದು ಕ್ಷಣ ಅನ್ನಿಸಿತು. ಎಲ್ಲ ಹೇಳಿಬಿಡಲಿ, ಕ್ಯಾಮೆರಾ ಹೇಗೂ ಓಡುತ್ತಿದೆ. ಅವಳು ಹೇಳುವಂತೆ ಕಾಣಲಿಲ್ಲ. ಆಗ ಅವನು, ಕ್ಯಾಮೆರಾಕ್ಕೆ ಹೊಂದುವಷ್ಟು ಮೃದುವಾಗಿ, "ಈಗ ಹೊಂಟ್ರ ಬಸ್ ಸಿಗತೈತಿ. ಹನ್ನೆರಡಕ್ಕ ಅಂತ ಹೇಳೀನಿ, ತಡಾ ಮಾಡಬ್ಯಾಡ," ಎಂದ.

"ಆತ್ರಿ ಸರ್," ಎಂದಳು ನೀಲಾ.

ಅನಿಲಕುಮಾರ ಜೋರಾಗಿ ನಕ್ಕ. ಗಂಡಹೆಂಡಿರ ಚೇಷ್ಟೆ ಎಂದುಕೊಂಡಿದ್ದ. "ಭಾರಿ ಬಂತ್ರಿ ಅಕ್ಕಾರ, ಇದನ್ನ ಹಂಗ ಇಡೂಣು." ಚನ್ನಬಸವನೂ ನಕ್ಕ, ನಗುತ್ತಲೇ ಅವಳ ಮುಖದಲ್ಲಿ ಅಣಕವನ್ನು ಹುಡುಕಿದ. ತುಟಿಯ ಕೊನೆಯಲ್ಲಿ ಹುಡುಕಿದ, ಕಣ್ಣಲ್ಲಿ ಹುಡುಕಿದ. ಒಂದಿಷ್ಟು ಸಿಕ್ಕಿದ್ದರೂ ಸಾಕಿತ್ತು, ರಾತ್ರಿ ಕ್ಷಮೆ ಕೇಳಬಹುದಿತ್ತು. ಇರಲಿಲ್ಲ. ಇವರು ಯಾಕೆ ನಗುತ್ತಿದ್ದಾರೆಂದು ತಿಳಿಯದೆ ನೀಲಾ ಇಬ್ಬರನ್ನೂ ನೋಡಿದಳು. ಆಮೇಲೆ ಚೀಲವನ್ನು ಹೆಗಲಿಗೆ ಹಾಕಿಕೊಂಡು, ಅವನಿಂದ ಇನ್ನೇನಾದರೂ ಅಪ್ಪಣೆ ಇದೆಯೋ ಎಂದು ಒಂದು ಗಳಿಗೆ ನಿಂತು, ಹೋದಳು.